ಟೆಸ್ಟ್ ಬೆಂಚಿನ ದೀಪ

ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿಯ ಒಂದು ಅಂಗಡಿಯಿದೆ. ಬೋರ್ಡಿನಲ್ಲಿ ತಕ್ಕಡಿಯ ಚಿತ್ರವಿದೆ, ಹೆಸರಿಲ್ಲ. ಬೆಲ್ಲದ ಮಂಡಿಯವರು, ರೇಷ್ಮೆಗೂಡಿನವರು, ಕೋಳಿ ಅಂಗಡಿಯವರು ಎಲ್ಲರೂ ಅಲ್ಲಿಗೇ ಬರುತ್ತಾರೆ. ಅಂಗಡಿ ಇಂದ್ರಾಣಿಯದು. ನಿನ್ನ ಬಗ್ಗೆ ನಾಲ್ಕು ಮಾತು ಬರೀತೀನಮ್ಮ ಎಂದು ಹೋದ ತಿಂಗಳು ನಾನು ಹೇಳಿದಾಗ ಆಕೆ ಬೆಸುಗೆ ಹಾಕುತ್ತಿದ್ದ ಕಡೆಯಿಂದ ತಲೆಯನ್ನೂ ಎತ್ತಲಿಲ್ಲ.

"ಬರೀರಿ ನಾಗೇಂದ್ರಣ್ಣ. ಬಯ್ಯೋದಾದ್ರೆ ಬಯ್ರಿ, ದೇವ್ರು ಮಾತ್ರ ಮಾಡ್ಬೇಡಿ," ಎಂದಳು.

ಬಯ್ಯುವುದರಲ್ಲಿ ನನಗೆ ಹೆಸರಿದೆ. ನಂಜನಗೂಡಿನ ಪಕ್ಕದ ತಾಂಡ್ಯದಲ್ಲಿ ನಮ್ಮ ಮೋಟರ್ ಕಾರ್ಖಾನೆ ಇತ್ತು. ಅದರ ಸ್ಟೋರ್ಸಿನಲ್ಲಿ ನಾನು ಕೂತಿದ್ದಷ್ಟು ಕಾಲವೂ ಒಂದು ವಾಷರ್ ಕೇಳಲು ಬಂದವನು ಎರಡು ಮಾತು ಕೇಳಿಸಿಕೊಂಡೇ ಹೋಗಬೇಕಿತ್ತು. ಅಪ್ಪನ ಮನೆಯ ಆಸ್ತಿ ಕೊಡುವವನ ಹಾಗೆ ಆಡ್ತಾನೆ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಸ್ಟೋರ್ಸಿನವನು ಧಾರಾಳಿಯಾದರೆ ಕಾರ್ಖಾನೆ ಸಂತೆಮಾಳವಾಗುತ್ತದೆ. ನನ್ನಿಂದ ಬಯ್ಗುಳ ತಿನ್ನದೆ ಸಾಮಾನು ಒಯ್ದವರು ಬಹಳ ಕಡಿಮೆ, ಅವರಲ್ಲಿ ಇಂದ್ರಾಣಿ ಒಬ್ಬಳು.

ಆಕೆ ಹೆಮ್ಮರಗಾಲದವಳು. ಅವ್ವ ಚಿಕ್ಕಬಸಮ್ಮ ನಾಟಿಗೆ, ಕಳೆಗೆ ಕೂಲಿ ಹೋಗುತ್ತಿದ್ದರು. ಅಪ್ಪ ಬೌದ್ಧ ಧಮ್ಮ ತೆಗೆದುಕೊಂಡವರು. ಮನೆಯಲ್ಲಿ ಬುದ್ಧನ ಒಂದು ಪಟ ಬಿಟ್ಟರೆ ಬೇರೆ ದೇವರಿಲ್ಲ, ಪೂಜೆಯಿಲ್ಲ. ಅವರ ಬೀದಿಗೆ ಇದ್ದದ್ದು ಒಂದೇ ನಲ್ಲಿ. ನೀರು ಯಾವಾಗ ಬರುತ್ತದೆಂಬುದು ನೀರು ಬಿಡುವವನಿಗೂ ಗೊತ್ತಿರಲಿಲ್ಲ. ಗಳಿಗೆಗೊಮ್ಮೆ ಓಡಿಹೋಗಿ ನಲ್ಲಿ ನೋಡಿಕೊಂಡು ಬರುವುದು ಹುಡುಗಿ ಇಂದ್ರಾಣಿಯ ಕೆಲಸ. ಓಡಿ ಓಡಿ ಬೇಜಾರಾಗಿ ಒಂದು ದಿನ ನಲ್ಲಿಯ ಕೆಳಗೆ ಮನೆಯ ತಗಡಿನ ತಟ್ಟೆ ಬೋರಲು ಹಾಕಿ ಬಂದಳಂತೆ. ನೀರು ಬಿದ್ದರೆ ಸದ್ದಾಗುತ್ತದೆ, ಆಗ ಎದ್ದು ಹೋದರಾಯಿತು ಎಂಬ ಲೆಕ್ಕ. ಎರಡು ದಿನ ಚೆನ್ನಾಗಿ ನಡೆಯಿತು. ಆಮೇಲೆ ತಟ್ಟೆಯನ್ನೇ ಯಾರೋ ಹೊತ್ತುಕೊಂಡು ಹೋದರು, ಅವ್ವನಿಂದ ಏಟು ಬಿತ್ತು. ಈ ನಲ್ಲಿಯ ಕಥೆಯನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಮೈಸೂರಿನಲ್ಲಿ ಡಿಪ್ಲೊಮಾ ಓದಿ ತೊಂಬತ್ನಾಲ್ಕರಲ್ಲಿ ನಮ್ಮಲ್ಲಿಗೆ ಬಂದಳು. ನಮ್ಮದು ಪಂಪ್‌ಸೆಟ್ಟಿನ ಮೋಟರ್ ಮಾಡುವ ಕಾರ್ಖಾನೆ. ಮೋಟರು ಹೊರಗೆ ಹೋಗುವ ಮುಂಚೆ ಟೆಸ್ಟ್ ಬೆಂಚಿನ ಮೇಲೆ ಕೂರಿಸಿ ಓಡಿಸಿ ನೋಡಬೇಕು. ಮೊದಲೆಲ್ಲ ಅದನ್ನು ಕಿವಿಯಿಂದ ನೋಡುತ್ತಿದ್ದರು, ಅಂದರೆ ಮೋಟರಿಗೆ ಸ್ಕ್ರೂಡ್ರೈವರ್ ಆನಿಸಿ ಅದರ ಹಿಡಿಗೆ ಕಿವಿ ಕೊಟ್ಟು ಬೇರಿಂಗಿನ ಸದ್ದು ಕೇಳುತ್ತಿದ್ದರು. ಆಮೇಲೆ ಮ್ಯಾನೇಜರ್ ಒಂದು ಕಂಪ್ಯೂಟರ್ ತರಿಸಿದರು. ಅದುರುವಿಕೆಯನ್ನು ಹಿಡಿಯುವ ಬೆರಳುಗಾತ್ರದ ಸೆನ್ಸರೊಂದನ್ನು ಮೋಟರಿಗೆ ಜೇನುಮೇಣದಲ್ಲಿ ಅಂಟಿಸಬೇಕು. ಅದರಿಂದ ಬಂದ ವೈರು ಕಂಪ್ಯೂಟರಿನೊಳಗಿನ ಒಂದು ಕಾರ್ಡಿಗೆ. ಕಾರ್ಡು ಆ ಅದುರುವಿಕೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿ ಮಾಡುತ್ತದೆ. ಆ ಅಂಕಿಗಳೆಲ್ಲ ಕಂಪ್ಯೂಟರಿನ ಮೆಮೊರಿಗೆ ಸೇರಿದ ಮೇಲೆ ಅದು ಪಾಸ್ ಅಥವಾ ಫೇಲ್ ಎಂದು ತೋರಿಸುತ್ತದೆ. ಜೇನುಮೇಣ ನನ್ನ ಸ್ಟೋರ್ಸಿನದೇ, ನಂಜನಗೂಡಿನ ಪೇಟೆಯಿಂದ ತರಿಸುತ್ತಿದ್ದೆ. ಪ್ರೋಗ್ರಾಮ್ ಎಲ್ಲ ಇಂದ್ರಾಣಿ ಬರೆದದ್ದು.

ತೊಂಬತ್ತೇಳರ ದಸರೆಗೆ ಎರಡು ಸಂಗತಿ ಒಟ್ಟಿಗೆ ನಡೆದವು. ಮೋಟರಿನ ದಂಡಕ್ಕೆ ಬೇರಿಂಗ್ ಒತ್ತಿ ಕೂರಿಸುವ ಪ್ರೆಸ್ಸಿನ ಮೇಲಿದ್ದ ನಿಂಗರಾಜು ರಿಟೈರ್ ಆದ. ಅವನ ಜಾಗಕ್ಕೆ ಹುಲ್ಲಹಳ್ಳಿಯ ಸಿದ್ದರಾಜುವನ್ನು ಹಾಕಿದರು. ಸಿದ್ದರಾಜು ಕಬ್ಬು ಕಡಿಯುವ ಕೂಲಿಯಿಂದ ಬಂದವನು, ಇನ್ನೂ ಟ್ರೈನಿ. ಸಂಕ್ರಾಂತಿಯ ಹೊತ್ತಿಗೆ ಅವನನ್ನು ಪರ್ಮನೆಂಟ್ ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಮನೆಗೆ ಎಂದರೆ ಮತ್ತೆ ಕಬ್ಬಿನ ಗದ್ದೆಗೆ. ಅವನ ತಾಯಿ ಮಹದೇವಮ್ಮ ಪ್ರತಿ ಸೋಮವಾರ ನಂಜುಂಡೇಶ್ವರನ ಗುಡಿಗೆ ಬರುವಾಗ ಕಾರ್ಖಾನೆಯ ಗೇಟಿಗೂ ಒಂದು ಸಲ ಕೈಮುಗಿದು ಹೋಗುತ್ತಿದ್ದಳು.

ಎರಡನೆಯದು ದೀಪ. ಆಯುಧಪೂಜೆಯ ದಿನ ಲೇತಿಗೆ, ಪ್ರೆಸ್ಸಿಗೆ, ನನ್ನ ತಕ್ಕಡಿಗೆ ಕೂಡ ಕುಂಕುಮವಿಟ್ಟು ಮುಂದೆ ಹಣತೆ ಹಚ್ಚಿದ್ದರು. ಕಂಪ್ಯೂಟರಿನ ಹತ್ತಿರ ಮಾತ್ರ ಎಣ್ಣೆ ತರಬಾರದೆಂದು ಮ್ಯಾನೇಜರ್ ಅಪ್ಪಣೆ ಮಾಡಿದ್ದರು. ಸಿದ್ದರಾಜುವಿಗೆ ಇದು ಸಂಕಟವಾಯಿತು.

"ಅಕ್ಕ, ಎಲ್ಲಾ ಮಿಸಿನ್ಗೂ ದೀಪ ಅಚ್ಚವ್ರೆ, ಇದೊಂದು ಕತ್ತಲೇಲಿ ಕುಂತದೆ. ನಮ್ ಮೋಟ್ರು ಪಾಸು ಫೇಲು ಅನ್ನೋದು ಇದೇಯ. ಇದರ ಒಳ್ಗೇ ಒಂದು ದೀಪ ಬರ್ಸಾಕ್ಕಾಯ್ತದಾ?" ಎಂದು ಕೇಳಿದ.

"ನಮ್ಮನೇಲಿ ಪೂಜೆಗೀಜೆ ಇಲ್ಲ ಕಣೋ," ಎಂದು ಇಂದ್ರಾಣಿ ನಕ್ಕಳು. ಆದರೂ ಊಟದ ಬಿಡುವಿನಲ್ಲಿ ಕೂತು ಪರದೆಯ ಮೂಲೆಯಲ್ಲಿ ಒಂದು ಹಣತೆ ಬರೆದಳು. ಸುಮ್ಮನೆ ಚಿತ್ರವಲ್ಲ, ಜ್ವಾಲೆ ಅಲ್ಲಾಡುತ್ತಿತ್ತು. ಒಂದೇ ಸಮನೆ ಅಲ್ಲಾಡಿದರೆ ಗೊಂಬೆಯ ಹಾಗೆ ಕಾಣುತ್ತದೆಂದು ಗಾಳಿಗೆ ತೂಗಿದಂತೆ ಒಮ್ಮೆ ಬೇಗ, ಒಮ್ಮೆ ತಡವಾಗಿ ಕುಣಿಯುವಂತೆ ಮಾಡಿದ್ದಳು. ಜನ ಮುಗಿಬಿದ್ದು ನೋಡಿದರು. ಮ್ಯಾನೇಜರಿಗೆ ಎಷ್ಟು ಖುಷಿಯಾಯಿತೆಂದರೆ ಹಬ್ಬ ಮುಗಿದರೂ ಅದನ್ನು ತೆಗೆಸಲಿಲ್ಲ, ಮೈಸೂರಿನಿಂದ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಸಿದ್ದರಾಜು ತನ್ನ ಮೋಟರು ಬೆಂಚಿಗೆ ಏರಿದಾಗಲೆಲ್ಲ ಆ ದೀಪಕ್ಕೊಂದು ನಮಸ್ಕಾರ ಹಾಕುತ್ತಿದ್ದ.

ಹಬ್ಬ ಕಳೆದು ಕೆಲಸ ಶುರುವಾದದ್ದೇ ತಡ, ಮೋಟರುಗಳು ಫೇಲಾಗತೊಡಗಿದವು. ಎಲ್ಲವೂ ಅಲ್ಲ, ನಾಲ್ಕಕ್ಕೊಂದು. ಬೇರಿಂಗಿನಲ್ಲಿ ಗಾಯವಿದೆ ಎಂದು ಕಂಪ್ಯೂಟರ್ ಹೇಳುತ್ತಿತ್ತು. ಫೇಲಾದದ್ದನ್ನು ಬಿಚ್ಚಿ, ಬೇರಿಂಗ್ ಕಿತ್ತು ಹೊಸದು ಹಾಕಿ ಮತ್ತೆ ಬೆಂಚಿಗೆ ಏರಿಸಿದರೆ ಹೆಚ್ಚುಪಾಲು ಪಾಸಾಗುತ್ತಿತ್ತು. ನೋಡಿದಿರಾ, ಹಳೇ ಬೇರಿಂಗ್ ಕೆಟ್ಟೇ ಇತ್ತು ಎಂದು ಎಲ್ಲರೂ ತೀರ್ಮಾನಿಸಿದರು. ಒತ್ತಿದವನು ಯಾರು? ಸಿದ್ದರಾಜು. ನಿಂಗರಾಜು ಇದ್ದಾಗ ಹೀಗೆ ಆಗಿತ್ತಾ? ಇಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಆದರೆ ನಮ್ಮ ಜನ ಕಾಗೆಯನ್ನೇ ಹಿಡಿದುಕೊಂಡರು.

"ಅವನ ಕೈಗುಣ ಸರೀಗಿಲ್ಲ ಕಣ್ಲಾ," ಎಂಬ ಮಾತು ಕ್ಯಾಂಟೀನಿನಲ್ಲಿ ಹುಟ್ಟಿತು. ಒಂದು ಸಲ ಕೈಗುಣ ಎಂಬ ಮಾತು ಅಂಟಿಕೊಂಡರೆ ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಶುಕ್ರವಾರದ ಪೂಜೆಗೆ ಸರದಿಯ ಮೇಲೆ ಒಬ್ಬೊಬ್ಬ ಫಿಟರ್ ಕುಂಕುಮವಿಟ್ಟು ಕಾಯಿ ಒಡೆಯುವುದು ನಮ್ಮಲ್ಲಿದ್ದ ಪದ್ಧತಿ. ಸಿದ್ದರಾಜುವಿನ ಸರದಿ ಬಂದ ವಾರ ಕಾಯಿ ಅವನ ಕೈದಾಟಿ ಪಕ್ಕದವನಿಗೆ ಹೋಯಿತು. ಅವನು ಚಾಚಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಂದೆ ಹೋಗಿ ನಿಂತ.

ಒಂದು ಸಲ ಅವನೇ ಮ್ಯಾನೇಜರ ಹತ್ತಿರ ಹೋಗಿ, "ಸಾ, ನಾನು ಸರ್ಯಾಗೇ ಒತ್ತೀವ್ನಿ, ಕಂಪ್ಯೂಟ್ರೇ ಏನಾರ..." ಎಂದು ಶುರುಮಾಡಿದ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಹೋಗಿ ಕೆಲಸ ನೋಡು," ಎಂದು ಅವರು ಕಳಿಸಿಬಿಟ್ಟರು. ಮ್ಯಾನೇಜರ್ ಕೆಟ್ಟವರಲ್ಲ. ಆದರೆ ಎತ್ತು ಈಯಿತು ಎಂದು ಕಂಪ್ಯೂಟರ್ ಹೇಳಿದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಆ ಹುಡುಗ ಮುಂದುವರಿಯುವುದು ಕಷ್ಟ ಎಂದು ಆಫೀಸಿನಲ್ಲಿ ಆಗಲೇ ಮಾತಾಗಿತ್ತು.

ನನ್ನ ತಲೆನೋವು ಬೇರೆ. ಬೇರಿಂಗುಗಳು ಮದುವೆ ಮನೆಯ ಲಾಡುವಿನ ಹಾಗೆ ಖರ್ಚಾಗುತ್ತಿದ್ದವು. ಕಿತ್ತು ತಂದ ಹಳೆಯವನ್ನು ಒಂದು ಡಬ್ಬಕ್ಕೆ ಹಾಕಿಸುತ್ತಿದ್ದೆ. ಒಂದು ಮಧ್ಯಾಹ್ನ ಸಿಟ್ಟಿನಲ್ಲಿ ಕೂತು ಅವನ್ನೇ ಒಂದೊಂದಾಗಿ ಬೆರಳಿಗೆ ಹಾಕಿ ತಿರುಗಿಸಿದೆ. ಕೀಳುವಾಗ ಕೆಲವು ಹಾಳಾಗಿದ್ದವು ನಿಜ. ಆದರೆ ಮಿಕ್ಕವು ಬೆಣ್ಣೆಯ ಹಾಗೆ ತಿರುಗುತ್ತಿದ್ದವು. ಡಬ್ಬವನ್ನು ಎತ್ತಿಕೊಂಡು ಹೋಗಿ ಇಂದ್ರಾಣಿಯ ಮೇಜಿನ ಮೇಲೆ ಕುಕ್ಕಿದೆ.

"ನಿನ್ನ ಕಂಪ್ಯೂಟರಿಗೆ ಇದರಲ್ಲಿ ಎಲ್ಲಮ್ಮ ಗಾಯ ಕಾಣ್ಸಿದ್ದು? ನನಗೂ ತೋರ್ಸು," ಎಂದೆ.

ಆಕೆ ವಾದ ಮಾಡಲಿಲ್ಲ. ಆಗತಾನೇ ಫೇಲಾಗಿದ್ದ ಒಂದು ಮೋಟರನ್ನು ಬಿಚ್ಚಲು ಬಿಡದೆ, ಇದ್ದ ಹಾಗೆಯೇ ಮತ್ತೆ ಓಡಿಸಿದಳು. ಪಾಸ್. ಮತ್ತೆ ಓಡಿಸಿದಳು. ಫೇಲ್. ಇನ್ನೊಮ್ಮೆ, ಪಾಸ್. ಬೇರಿಂಗಿನ ಗಾಯ ಬಂದು ಹೋಗುವ ನೆಂಟನಲ್ಲ, ಇದ್ದರೆ ಯಾವಾಗಲೂ ಇರಬೇಕು. ಇಷ್ಟು ದಿನ ನಾವು ಯಾರೂ ಈ ಒಂದು ಕೆಲಸ ಮಾಡಿರಲಿಲ್ಲ. ಫೇಲ್ ಎಂದ ಕೂಡಲೇ ಬಿಚ್ಚಿಹಾಕುವುದೇ ಅಭ್ಯಾಸವಾಗಿತ್ತು. ಇಂದ್ರಾಣಿಯ ಮುಖ ಸಣ್ಣದಾಯಿತು.

ಅವತ್ತು ಸಂಜೆ ಶಿಫ್ಟ್ ಬಿಟ್ಟ ಮೇಲೆ ನನ್ನಿಂದ ಆಸಿಲೇಟರ್ ಇಸಿದುಕೊಂಡಳು. ಅದು ಒಂದೇ ಸಮನಾದ ಅಲೆಯನ್ನು ಕೊಡುವ ಡಬ್ಬಿ. ಮೋಟರಿನ ಬದಲು ಅದನ್ನು ಕಾರ್ಡಿಗೆ ಜೋಡಿಸಿದಳು. ಪರದೆಯ ಮೇಲೆ ನುಣುಪಾದ ಅಲೆ ಬರಬೇಕು. ಬಂತು, ಆದರೆ ಅಲ್ಲಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ನೆಗೆಯುತ್ತಿತ್ತು. ಗಾಯವಾದ ಬೇರಿಂಗ್ ಇದ್ದರೂ ಅಲೆ ಹೀಗೆಯೇ ನೆಗೆಯುತ್ತದಂತೆ. ಆಕೆ ನೋಡುತ್ತಾ ನೋಡುತ್ತಾ ಒಮ್ಮೆಲೇ ಕುರ್ಚಿಗೆ ಒರಗಿದಳು.

"ದೀಪ ಅಲ್ಲಾಡಿದಾಗೆಲ್ಲ ಕಟ್ಟಾಗ್ತಿದೆ ನಾಗೇಂದ್ರಣ್ಣ," ಎಂದಳು.

ನನಗೆ ಅರ್ಥವಾಗುವಂತೆ ಹೇಳಲು ಹೆಮ್ಮರಗಾಲದ ನಲ್ಲಿಯನ್ನೇ ತಂದಳು. ಆಕೆ ಬರೆದ ಪ್ರೋಗ್ರಾಮಿನಲ್ಲಿ ಕಂಪ್ಯೂಟರ್ ಕಾರ್ಡಿನ ಹತ್ತಿರ ಓಡಿಓಡಿ ಹೋಗಿ, ಅಂಕಿ ಬಂತಾ, ಬಂತಾ ಎಂದು ಕೇಳುತ್ತಲೇ ಇರಬೇಕು. ಬಂದಿದ್ದರೆ ಎತ್ತಿ ಮೆಮೊರಿಯಲ್ಲಿಡಬೇಕು. ಪೋಲಿಂಗ್ ಎಂದು ಅದರ ಹೆಸರು. ಬರೀ ಅದನ್ನೇ ಮಾಡುತ್ತಿದ್ದರೆ ತೊಂದರೆಯಿರಲಿಲ್ಲ. ಮಧ್ಯೆ ದೀಪದ ಜ್ವಾಲೆ ಬರೆಯಲು ಹೋದರೆ ಅಷ್ಟು ಹೊತ್ತು ನಲ್ಲಿಯ ಹತ್ತಿರ ಯಾರೂ ಇಲ್ಲ. ಆಗ ಬಂದ ಅಂಕಿ ಚರಂಡಿ ಪಾಲು. ಹಿಂದಿನ ಅಂಕಿಗೂ ಮುಂದಿನದಕ್ಕೂ ನಡುವೆ ಕಂಡಿ ಬಿದ್ದು ಅಲೆ ನೆಗೆಯುತ್ತದೆ. ಆ ನೆಗೆತವನ್ನೇ ಕಂಪ್ಯೂಟರ್ ಗಾಯ ಎಂದು ತಿಳಿದುಕೊಂಡಿತ್ತು.

"ಹಂಗಾದ್ರೆ ಆ ಪೆದ್ದ ತಾನೇ ಕೇಳಿ ತರಿಸ್ಕೊಂಡ ದೀಪ, ತಾನೇ ಕೈಮುಗಿದ ದೀಪ..." ಎಂದೆ.

"ಆ ಮಾತು ಇಲ್ಲಿಗೇ ಬಿಡಿ," ಎಂದಳು ಇಂದ್ರಾಣಿ. ಆಕೆಯ ಕಣ್ಣಲ್ಲಿ ನೀರಿತ್ತು. "ಅವನು ತನ್ನ ಕೈಯೇ ಕೆಟ್ಟದ್ದು ಅಂತ ನಂಬಿಬಿಟ್ಟಿದ್ದಾನೆ. ಇದಕ್ಕೆಲ್ಲ ತಾನು ಕೇಳಿದ ದೀಪವೇ ಕಾರಣ ಅಂತ ಗೊತ್ತಾದ್ರೆ ಮುಗೀತು. ಬರೆದದ್ದು ನಾನು. ಏನು ಹಾಕಿದ್ರೆ ಏನಾಗುತ್ತೆ ಅಂತ ನೋಡ್ಬೇಕಾಗಿದ್ದೂ ನಾನೇ."

ಮಾರನೆಯ ಬೆಳಿಗ್ಗೆ ಮ್ಯಾನೇಜರ ಮುಂದೆ ಹೋಗಿ ನಿಂತಳು. ಡಬ್ಬ ಹಿಡಿದುಕೊಂಡು ನಾನೂ ಜೊತೆಗಿದ್ದೆ. ಆಕೆ ಹೇಳಿದ್ದನ್ನೆಲ್ಲ ಅವರು ಕೇಳಿದರು. ಕಿತ್ತು ಹಾಳುಮಾಡಿದ ಬೇರಿಂಗುಗಳ ಡಬ್ಬ ನೋಡಿದರು. ಬಂದವರಿಗೆಲ್ಲ ಆ ದೀಪ ತೋರಿಸಿದ್ದು ಅವರಿಗೂ ನೆನಪಾಗಿರಬೇಕು.

"ನಮ್ಮನೇಲಿ ಪೂಜೆ ಇಲ್ಲ ಅಂತ ಹಬ್ಬದ ದಿನ ಪ್ರಸಾದಕ್ಕೂ ಬಾರದೋರು ನೀವು. ನಿಮಗ್ಯಾಕಮ್ಮ ದೀಪದ ಹುಚ್ಚು? ಯಾರು ಹಾಕು ಅಂದಿದ್ದು?" ಎಂದು ಕೇಳಿದರು.

"ಯಾರೂ ಇಲ್ಲ ಸರ್. ಚೆನ್ನಾಗಿರುತ್ತೆ ಅಂತ ನಾನೇ ಹಾಕ್ದೆ."

ಅದು ಸುಳ್ಳೆಂದು ಅವರಿಗೂ ಗೊತ್ತಾಯಿತು, ನನಗಂತೂ ಗೊತ್ತೇ ಇತ್ತು. ಬಾಯಿ ಬಿಡಲು ಹೋದವನನ್ನು ಆಕೆ ಒಂದು ಸಲ ತಿರುಗಿ ನೋಡಿದಳು. ನಾನು ಸುಮ್ಮನಾದೆ, ಅದೊಂದು ದಿನ. ಮ್ಯಾನೇಜರ್ ಎರಡು ಮಾತು ಹೇಳಿದರು. ಮೆಷಿನ್ ನಂಬಬಹುದು ಎಂದು ಸಂಕ್ರಾಂತಿಗೆ ಮುಂಚೆ ತೋರಿಸಿದರೆ ಮಾತ್ರ ಆ ಹುಡುಗನ ವಿಚಾರ ನೋಡೋಣ, ಇಲ್ಲದಿದ್ದರೆ ಇಲ್ಲ. ಮತ್ತೆ, ನಿಮ್ಮ ಪ್ರಮೋಷನ್ ಮಾತನ್ನು ಈ ಸಲ ಎತ್ತಬೇಡಿ. ಆಗಲಿ ಸರ್ ಎಂದು ಇಂದ್ರಾಣಿ ಹೊರಗೆ ಬಂದಳು.

ದೀಪವನ್ನು ಅವತ್ತೇ ತೆಗೆದಳು. ನೆಗೆತಗಳು ಬಹಳ ಕಡಿಮೆಯಾದವು, ಆದರೆ ಪೂರ್ತಿ ನಿಲ್ಲಲಿಲ್ಲ. ಕಂಪ್ಯೂಟರ್ ಹಾರ್ಡ್ ಡಿಸ್ಕಿಗೆ ಏನಾದರೂ ಬರೆಯಲು ಹೋದರೆ ಅಲ್ಲೊಂದು ಇಲ್ಲೊಂದು ಕಂಡಿ ಬೀಳುತ್ತಿತ್ತು. ಆಗ ಇಂಟರಪ್ಟ್ ಎಂಬ ವಿಧಾನಕ್ಕೆ ಹೋದಳು. ಅದು ನಲ್ಲಿಯ ಕೆಳಗೆ ತಟ್ಟೆ ಇಟ್ಟ ಹಾಗೆ. ಅಂಕಿ ಬಂದಾಗ ಕಾರ್ಡೇ ಕೂಗುತ್ತದೆ, ಕಂಪ್ಯೂಟರ್ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಎತ್ತಿಡುತ್ತದೆ. ಅದರಲ್ಲೂ ಕೊಂಕಿತ್ತು. ಸೆಕೆಂಡಿಗೆ ಸಾವಿರಾರು ಸಲ ಕೂಗಿದರೆ ಯಾವ ಮನುಷ್ಯ ತಾನೇ ಪ್ರತಿಸಲವೂ ಎದ್ದುಬರುತ್ತಾನೆ? ಡಿಸ್ಕಿನ ಕೆಲಸದಲ್ಲಿ ಮುಳುಗಿದ್ದಾಗ ಕೂಗು ಕೇಳಿಸದೆ ಒಂದೆರಡು ಅಂಕಿ ಹೋಗಿಯೇ ಹೋಗುತ್ತಿತ್ತು.

ಕೊನೆಗೆ ಉಳಿದದ್ದು ಡಿ.ಎಂ.ಎ. ಎಂಬುದು. ನಲ್ಲಿಯಿಂದ ಮನೆಯ ತೊಟ್ಟಿಗೇ ನೇರ ಪೈಪು ಎಳೆದ ಹಾಗೆ ಎಂದಳು. ಯಾರೂ ಓಡಬೇಕಾಗಿಲ್ಲ, ಕೂಗಬೇಕಾಗಿಲ್ಲ. ಕಾರ್ಡಿನಿಂದ ಅಂಕಿ ತಾನಾಗಿಯೇ ಮೆಮೊರಿಗೆ ಹೋಗಿ ಸಾಲಾಗಿ ಕೂರುತ್ತದೆ. ತೊಟ್ಟಿ ತುಂಬಿದ ಮೇಲೆ ಕಂಪ್ಯೂಟರಿಗೆ ಒಂದೇ ಒಂದು ಸಲ ಹೇಳಿದರೆ ಸಾಕು. ಆದರೆ ಅದಕ್ಕೆ ಕಾರ್ಡಿನ ಮೇಲೆ ಮುಳ್ಳಿನಂಥ ಎರಡು ಪಿನ್ನುಗಳನ್ನು ಸೇರಿಸುವ ಜಂಪರ್ ಬೇಕಿತ್ತು. ಕಡಲೆಬೇಳೆಗಿಂತ ಚಿಕ್ಕ ಪ್ಲಾಸ್ಟಿಕ್ ಟೋಪಿ ಅದು. ಕಾರ್ಡಿನ ಜೊತೆ ಬಂದಿದ್ದನ್ನು ಯಾರೋ ಕಸದ ಜೊತೆ ಗುಡಿಸಿಬಿಟ್ಟಿದ್ದರು. ಬೆಂಗಳೂರಿನಿಂದ ತರಿಸಲು ದಿನವಿರಲಿಲ್ಲ. ಕೆಟ್ಟು ಕೂತಿದ್ದ ಒಂದು ಹಾರ್ಡ್ ಡಿಸ್ಕ್ ನನ್ನ ಕಪಾಟಿನಲ್ಲಿತ್ತು, ಅದನ್ನು ಎಸೆಯುವುದಕ್ಕೆ ನಾನು ಮೂರು ವರ್ಷದಿಂದ ಬಿಟ್ಟಿರಲಿಲ್ಲ. ಅದರ ಹಿಂದೆ ಅಂಥದೇ ಟೋಪಿ ಇತ್ತು. ಎಲ್ಲವನ್ನೂ ಕಟ್ಟಿಕೊಂಡು ಕೂರ್ತಾನೆ ಎಂದು ಬಯ್ದವರು ಆ ದಿನ ನನ್ನೆದುರು ಬರಬೇಕಿತ್ತು.

ಸಂಕ್ರಾಂತಿಯ ಹಿಂದಿನ ವಾರ ಮ್ಯಾನೇಜರ್ ಬೆಂಚಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಹಳೇ ಪ್ರೋಗ್ರಾಮಿನಲ್ಲಿ ಫೇಲಾಗಿ, ಇನ್ನೂ ಬಿಚ್ಚದೆ ಉಳಿದಿದ್ದ ಮೋಟರುಗಳನ್ನು ಸಿದ್ದರಾಜುವೇ ಒಂದೊಂದಾಗಿ ಏರಿಸಿದ. ಇಂದ್ರಾಣಿ ಪ್ರತಿಯೊಂದನ್ನೂ ಮತ್ತೆ ಮತ್ತೆ ಓಡಿಸಿದಳು. ಪಾಸ್, ಪಾಸ್, ಪಾಸ್. ಆಮೇಲೆ ಒಂದು ಮೋಟರು ಫೇಲ್ ಎಂದಿತು. ಮತ್ತೆ ಓಡಿಸಿದರೂ ಫೇಲ್. ಇನ್ನೊಮ್ಮೆಯೂ ಫೇಲ್. ಎಲ್ಲ ಕೆಟ್ಟಿತು ಅಂದುಕೊಂಡೆ.

ಸಿದ್ದರಾಜು ಒಂದು ಹೆಜ್ಜೆ ಮುಂದೆ ಬಂದ. "ಇದು ನಂದೇ ತಪ್ಪು ಸಾ. ಒತ್ತುವಾಗ್ಲೇ ವಸಿ ಓರೆ ಕುಂತ ಅಂಗೆ ಅನ್ನುಸ್ತು. ಎದ್ರುಕೊಂಡು ಏಳ್ನಿಲ್ಲ," ಎಂದ.

ಬಿಚ್ಚಿಸಿ ನೋಡಿದರೆ ಬೇರಿಂಗ್ ನಿಜಕ್ಕೂ ಓರೆಯಾಗಿತ್ತು. ಮ್ಯಾನೇಜರಿಗೆ ಮೆಷಿನಿನ ಮೇಲೆ ನಂಬಿಕೆ ಬಂದದ್ದು ಪಾಸಾದ ಮೋಟರುಗಳಿಂದಲ್ಲ, ಆ ಒಂದು ಫೇಲಿನಿಂದ. "ಮುಂದೆ ಹಂಗನ್ಸಿದ್ರೆ ಆಗ್ಲೇ ಬಂದು ಹೇಳು," ಎಂದಷ್ಟೇ ಹೇಳಿ ಎದ್ದು ಹೋದರು. ಸಂಕ್ರಾಂತಿಗೆ ಸಿದ್ದರಾಜು ಪರ್ಮನೆಂಟ್ ಆದ. ಮಹದೇವಮ್ಮ ಗೇಟಿನಲ್ಲಿ ನನ್ನ ಕೈಗೂ ಎಳ್ಳು ಬೆಲ್ಲ ಹಾಕಿ ಹೋದಳು. ಇಂದ್ರಾಣಿಯ ಪ್ರಮೋಷನ್ ತಪ್ಪಿತು. ಅದರ ಬಗ್ಗೆ ಆಕೆ ಅಂದೂ ಮಾತಾಡಲಿಲ್ಲ, ಎರಡು ಸಾವಿರದ ನಾಲ್ಕರಲ್ಲಿ ಕೆಲಸ ಬಿಟ್ಟು ನರಸೀಪುರದಲ್ಲಿ ಅಂಗಡಿ ಇಡುವಾಗಲೂ ಮಾತಾಡಲಿಲ್ಲ.

ದೀಪ ಎಲ್ಲಿ ಹೋಯಿತೆಂದು ಸಿದ್ದರಾಜು ಆಗ ಒಂದು ಸಲ ಕೇಳಿದ್ದ. ಕಂಪ್ಯೂಟರಿಗೆ ಕೆಲಸ ಜಾಸ್ತಿಯಾಯಿತು, ತೆಗೆದೆ ಎಂದಿದ್ದಳು. ಅವನು ಮತ್ತೆ ಆ ಸುದ್ದಿ ಎತ್ತಲಿಲ್ಲ. ಆದರೆ ಕೈಗುಣದ ಮಾತು ಪೂರ್ತಿ ಸಾಯಲಿಲ್ಲ. ಶುಕ್ರವಾರದ ಕಾಯಿ ಈಗ ಅವನ ಕೈಗೆ ಬರುತ್ತಿತ್ತು, ಅವನೇ ಪಕ್ಕದವನಿಗೆ ದಾಟಿಸಿಬಿಡುತ್ತಿದ್ದ.

ಮುಂದಿನ ಆಯುಧಪೂಜೆ ಬಂತು. ಎಲ್ಲ ಮೆಷಿನುಗಳಿಗೆ ಕುಂಕುಮವಾಯಿತು. ಇಂದ್ರಾಣಿ ಬೆಂಚಿನ ಹತ್ತಿರ ಒಬ್ಬಳೇ ಏನೋ ಟೈಪ್ ಮಾಡುತ್ತಿದ್ದಳು. ಕುಂಕುಮದ ತಟ್ಟೆ ಹಿಡಿದುಕೊಂಡು ನಾನು ಹೋದೆ. ಸಿದ್ದರಾಜು ಕೈಕಟ್ಟಿಕೊಂಡು ನನ್ನ ಹಿಂದೆಯೇ ಬಂದ.

"ಅಕ್ಕ, ಓದ ವರ್ಸ ನಾನು ದೀಪ ಕೇಳ್ಬಾರ್ದಾಗಿತ್ತು. ನಿಮ್ ಪ್ರಮೋಷನ್ ನಾನೇ ತಿಂದಂಗಾಯ್ತು," ಎಂದ.

ಇಂದ್ರಾಣಿ ನನ್ನನ್ನು ಕೆಕ್ಕರಿಸಿ ನೋಡಿದಳು. ನಾನಲ್ಲ ಎಂದು ತಲೆಯಾಡಿಸುತ್ತಾ ಎರಡೂ ಕಿವಿ ಹಿಡಿದುಕೊಂಡೆ.

"ಅವ್ರು ಏಳ್ನಿಲ್ಲ ಕಣಕ್ಕ. ದೀಪ ಓದ ದಿನದಿಂದ ಮೋಟ್ರು ಪಾಸಾಯ್ತಾವೆ. ನಂಗೂ ಕಣ್ಣಿಲ್ವಾ?"

ಆಕೆ ಟೈಪ್ ಮಾಡುತ್ತಿದ್ದುದನ್ನು ಮುಗಿಸಿದಳು. ಆಮೇಲೆ, "ಬೆಳಿಗ್ಗೆ ಒತ್ತಿದ ಮೋಟ್ರು ತಂದು ಏರ್ಸು," ಎಂದಳು. ಅವನು ತಂದು ಏರಿಸಿದ. ಆಕೆ ಸೆನ್ಸರ್ ಅಂಟಿಸಿ, ಮೋಟರು ಚಾಲೂ ಮಾಡಿ, ಒಂದು ಗುಂಡಿ ಒತ್ತಿದಳು. ಪರದೆಯ ಮೂಲೆಯಲ್ಲಿ ಹಣತೆ ಎದ್ದಿತು. ಹೋದ ವರ್ಷದ್ದಕ್ಕಿಂತ ದೊಡ್ಡದು, ಜ್ವಾಲೆ ಇನ್ನೂ ಜೋರಾಗಿ ಕುಣಿಯುತ್ತಿತ್ತು.

ಸಿದ್ದರಾಜು ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ ಕಣಕ್ಕ. ತಗುದ್ಬುಡಿ," ಎಂದ.

"ನಿಂತ್ಕೊ," ಎಂದಳು ಇಂದ್ರಾಣಿ.

ಪಾಸ್ ಎಂದು ಬಂತು. ಮತ್ತೆ ಓಡಿಸಿದಳು, ಪಾಸ್. ಎಷ್ಟು ಸಲ ಓಡಿಸಿದರೂ ಜ್ವಾಲೆ ತನ್ನ ಪಾಡಿಗೆ ಕುಣಿಯುತ್ತಿತ್ತು, ಮೋಟರು ಪಾಸಾಗುತ್ತಿತ್ತು.

"ಈಗ ಅಂಕಿ ಹೊರೋ ಕೆಲಸ ಕಂಪ್ಯೂಟರಿನದಲ್ಲ. ಅದು ನೇರ ಹೋಗ್ತದೆ. ಇದು ಅಷ್ಟು ಹೊತ್ತು ಸುಮ್ನೆ ಕೂತಿರುತ್ತೆ, ದೀಪ ಹಚ್ಚಲಿ ಬಿಡು," ಎಂದಳು. "ನೀನು ಕೇಳಿದ್ದರಲ್ಲಿ ತಪ್ಪಿರ್ಲಿಲ್ಲ. ನಾನು ಹಾಕಿದ ರೀತಿ ತಪ್ಪಾಗಿತ್ತು."

ನನ್ನ ಕೈಯಿಂದ ಕುಂಕುಮದ ತಟ್ಟೆ ಇಸಿದುಕೊಂಡು ಅವನ ಮುಂದೆ ಹಿಡಿದಳು.

"ನಂಗೆ ಇದೆಲ್ಲ ಬರಲ್ಲ. ನೀನೇ ಇಡು."

"ನನ್ ಕೈಲಿ ಬ್ಯಾಡ ಕಣಕ್ಕ."

"ನಿನ್ನ ಕೈಯಿಂದ್ಲೇ ಆಗ್ಬೇಕು."

ಅವನು ಬೆರಳನ್ನು ಅಂಗಿಗೆ ಒರೆಸಿಕೊಂಡು, ಕುಂಕುಮದಲ್ಲಿ ಅದ್ದಿ, ಮಾನಿಟರಿನ ಹಣೆಯ ಮೇಲೆ ಇಟ್ಟ. ಬೊಟ್ಟು ಸೊಟ್ಟಗಾಯಿತು. ಆಮೇಲೆ ಅಲ್ಲೇ ಬೆಂಚಿಗೆ ಒರಗಿಕೊಂಡು ಮಗುವಿನ ಹಾಗೆ ಅತ್ತ. ಆ ಕಂಪ್ಯೂಟರನ್ನು ಗುಜರಿಗೆ ಹಾಕುವವರೆಗೂ ಆ ಸೊಟ್ಟ ಬೊಟ್ಟನ್ನು ಒರೆಸಲು ನಾನು ಯಾರನ್ನೂ ಬಿಡಲಿಲ್ಲ.